ಮಂಡಿಯಡಿಗೆ ಮಂಡಿ

ಬೆಳಿಗ್ಗೆ ಸಂದರ್ಶನ ಮುಗಿದ ಮೇಲೆ ಮೂಳೆ ವಿಭಾಗದ ಮುಖ್ಯಸ್ಥರು ಕೇಳಿದ್ದು ಒಂದೇ ಮಾತು. “ಹುಡುಗಿ ಜಾಣೆ, ಒಪ್ತೀನಿ. ಆದರೆ ದಪ್ಪ ಆಸಾಮಿಯ ಸೊಂಟದ ಕೀಲು ಜಾರಿದ್ರೆ ಈ ಗುಬ್ಬಿ ಎಳೆದು ಕೂರಿಸ್ತಾಳಾ? ಮೇಡಂ, ನೀವೇ ಹೇಳಿ. ನಾವು ಗಂಡಸರು ಹೇಳಿದ್ರೆ ತಪ್ಪಾಗತ್ತೆ.”

ತಜ್ಞತೆಯ ತರಬೇತಿಗೆ ಇದ್ದದ್ದು ಒಂದೇ ಸೀಟು; ಕೊನೆಗೆ ಉಳಿದವರು ಈ ಹುಡುಗಿ ಮತ್ತು ಇನ್ನೊಬ್ಬ ಹುಡುಗ. ಮೇಜಿನ ಸುತ್ತ ಕುಳಿತವರಲ್ಲಿ ಹೆಂಗಸು ಮೇಡಂ ಒಬ್ಬರೇ. ವಿಭಾಗದಲ್ಲೂ ಇಷ್ಟು ವರ್ಷ ಅವರೊಬ್ಬರೇ. ಅಕ್ಕಪಕ್ಕ ನಿಂತರೆ ಆ ಹುಡುಗಿಗಿಂತ ಅವರೇ ಒಂದು ಬೆರಳು ಗಿಡ್ಡ. ಕೀಲು ಕೂರಿಸಲು ತೋಳಿನ ಬಲ ಬೇಕಿಲ್ಲ, ರೋಗಿಯ ಮಂಡಿಯಡಿಗೆ ತನ್ನ ಮಂಡಿ ಕೊಟ್ಟು ಮೀಟಿದರೆ ಸಾಕು ಎಂಬುದು ಆ ಕೋಣೆಯಲ್ಲಿ ಅವರಷ್ಟು ಚೆನ್ನಾಗಿ ಇನ್ಯಾರಿಗೂ ತಿಳಿದಿರಲಿಲ್ಲ.

“ಸ್ವಲ್ಪ ಕಷ್ಟಾನೇ ಸರ್,” ಅಂದುಬಿಟ್ಟರು.

“ನೋಡಿದ್ರಾ? ಮೇಡಂ ಥರದವರು ಎಲ್ಲೋ ಒಬ್ಬರು!” ಎಂದು ಮುಖ್ಯಸ್ಥರು ನಕ್ಕರು. ಆ ಮಾತು ಕಿವಿಗೆ ಹಿತವಾಗಿತ್ತು. ಹಿತವಾಗಿತ್ತಲ್ಲ ಎಂಬುದೇ ಆಮೇಲೆ ಮುಳ್ಳಿನಂತೆ ಚುಚ್ಚತೊಡಗಿತು. ಊಟದ ಡಬ್ಬಿ ತೆರೆದವರು ಹಾಗೇ ಮುಚ್ಚಿಟ್ಟರು.

ಮಧ್ಯಾಹ್ನ ತುರ್ತು ವಿಭಾಗದಿಂದ ಕರೆ ಬಂತು. ಬೈಕ್ ಅಪಘಾತ, ಕಟ್ಟುಮಸ್ತಾದ ಲಾರಿ ಡ್ರೈವರ್. ಸೊಂಟದ ಕೀಲು ಜಾರಿ ಅವನ ಬಲಗಾಲು ಒಳಕ್ಕೆ ತಿರುಗಿ ಗಿಡ್ಡವಾಗಿತ್ತು. ಎಕ್ಸ್‌ರೇ ತೆಗೆದು, ಮಂಪರು ಕೊಟ್ಟು ಕಾಯುತ್ತಿದ್ದ ಕಿರಿಯ ಡಾಕ್ಟರ್ ಬೇರೆ ಯಾರೂ ಅಲ್ಲ, ಅದೇ ಗುಬ್ಬಿ.

“ನಾನು ಕೂರಿಸ್ಲಾ ಮೇಡಂ? ನೀವು ಪಕ್ಕದಲ್ಲಿದ್ರೆ ಸಾಕು.”

“ಏ ಗುಬ್ಬಿ, ಆನೆ ಕಾಲು ಕಣೇ ಅದು! ಒದ್ದರೆ ಹಾರಿ ಹೋಗ್ತೀಯ,” ಎಂದರು ಹಿರಿಯ ನರ್ಸ್.

“ಈಗ ಅವನ ಸೊಂಟ ಅದುಮಿ ಹಿಡ್ಕೊಳ್ಳಿ ಅಕ್ಕ. ನಾನು ಹಾರಿದ್ರೆ ಆಮೇಲೆ ನನ್ನ ಹಿಡಿದ್ರಾಯ್ತು.”

ಗುಬ್ಬಿ ಒಂದು ಪಾದವನ್ನು ಸ್ಟ್ರೆಚರಿನ ಮೇಲಿಟ್ಟಳು. ತನ್ನ ಮಂಡಿಯನ್ನು ಅವನ ಮಂಡಿಯಡಿಗೆ ತೂರಿಸಿ, ಅವನ ಪಾದದ ಗಂಟನ್ನು ಕೆಳಕ್ಕೆ ಒತ್ತಿ ಹಿಡಿದು, ತನ್ನ ಹಿಮ್ಮಡಿಯನ್ನು ನಿಧಾನವಾಗಿ ಎತ್ತಿದಳು. ಟೊಕ್ ಎಂದಿತು. ಎರಡೂ ಕಾಲು ಸಮವಾದವು.

“ಎಲ್ಲಿ ಕಲಿತೆ?” ಎಂದು ಮೇಡಂ ಕೇಳಿದರು.

“ನಿಮ್ಮನ್ನ ನೋಡೇ. ಹೋದ ವರ್ಷ ಇದೇ ಬಾಗಿಲ ಹತ್ರ ನಿಂತಿದ್ದೆ. ಓದಿದ್ರೆ ಮೂಳೇನೇ ಓದ್ಬೇಕು ಅಂತ ಅವತ್ತೇ ಅಂದ್ಕೊಂಡೆ.”

ಮೇಡಂ ಲಿಫ್ಟಿಗೂ ಕಾಯದೆ ಮುಖ್ಯಸ್ಥರ ಕೋಣೆಗೆ ಮೆಟ್ಟಿಲು ಹತ್ತಿದರು. ಏದುಸಿರು ಬಿಡುತ್ತಲೇ ಕಂಡದ್ದನ್ನೆಲ್ಲ ಹೇಳಿದರು. ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಬೆಳಿಗ್ಗೆ ಹೇಳ್ಬೇಕಿತ್ತಲ್ಲ ಮೇಡಂ ಈ ಮಾತ್ನ! ಈಗ ಆ ಹುಡುಗನಿಗೆ ತಿಳಿಸಿ ಆಯ್ತು, ಅವನು ಒಪ್ಪಿಯೂ ಆಯ್ತು. ಕೇಳಿದ್ದು ನಿಮ್ಮನ್ನೇ ತಾನೆ?”

ಕೆಳಗೆ ಬಂದಾಗ ಗುಬ್ಬಿ ಸಿಂಕಿನ ಮುಂದೆ ಕೈ ತೊಳೆಯುತ್ತಿದ್ದಳು. ಸುದ್ದಿ ಆಗಲೇ ಅವಳ ಫೋನಿಗೆ ಬಂದಿತ್ತು. ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

“ಸಿಗಲಿಲ್ಲ ಮೇಡಂ. ಹೋಗ್ಲಿ ಬಿಡಿ, ಬರೋ ವರ್ಷ ನೋಡೋಣ. ನೀವು ನನ್ನ ಪರ ಮಾತಾಡಿರ್ತೀರ, ಅದು ಗೊತ್ತು ನಂಗೆ.”

ಸುಮ್ಮನೆ ಅವಳ ಬೆನ್ನು ತಟ್ಟಿ ಹೊರಟುಬಿಡಬಹುದಿತ್ತು. ಮೇಡಂ ಕೈ ಚಾಚಿ ನಲ್ಲಿ ನಿಲ್ಲಿಸಿದರು.

“ನನ್ನನ್ನೇ ಕೇಳಿದ್ರು ಕಣಮ್ಮ,” ಎಂದರು. “ನಿನಗೆ ಕಷ್ಟ ಅಂದೋಳು ನಾನೇ.”