ಹುಣಸೇವಾಡಿ ಟ್ಯಾಂಕಿನ ತಾರೀಖು

ನನ್ನ ಅಕ್ಷರದಲ್ಲಿ ತಪ್ಪು ಹುಡುಕುವವನು ಬಸವಕಲ್ಯಾಣದಲ್ಲಿ ಇನ್ನೂ ಹುಟ್ಟಿಲ್ಲ. ಜಂಬವಲ್ಲ, ಇದ್ದ ಮಾತು. ನಲವತ್ತೆರಡು ವರ್ಷಗಳಿಂದ ಬೋರ್ಡು ಬರೆಯುತ್ತಿದ್ದೇನೆ. ಪೇಂಟರ್ ಖಮರುದ್ದೀನ್ ಅಂದರೆ ಸಾಕು, ಕೋಟೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಯಾರು ಬೇಕಾದರೂ ನನ್ನ ಮನೆ ತೋರಿಸುತ್ತಾರೆ. ಮನೆಯಲ್ಲಿ ನಾವು ಆಡುವುದು ದಖ್ಖನಿ ಉರ್ದು, ಆದರೆ ನನ್ನ ಬ್ರಶ್ಶಿಗೆ ಒಲಿದದ್ದು ಕನ್ನಡ. ಪ್ಲಾಸ್ಟಿಕ್ ಬ್ಯಾನರು ಬಂದ ಮೇಲೆ ಅಂಗಡಿಯವರು ನನ್ನನ್ನು ಮರೆತರು. ಉಳಿದದ್ದು ಪಂಚಾಯಿತಿಗಳ ಕೆಲಸ: ಶಾಲೆಯ ಗೋಡೆ, ಶೌಚಾಲಯದ ಗೋಡೆ, ನೀರಿನ ಟ್ಯಾಂಕು. ಅದರಿಂದಲೇ ಒಲೆ ಉರಿಯುತ್ತದೆ.

ನನಗೆ ಕೆಲಸ ಕಲಿಸಿದ ಉಸ್ತಾದರು ಒಂದು ಮಾತು ಹೇಳುತ್ತಿದ್ದರು. ಡಬ್ಬಿ ಬಿಚ್ಚಿದ ಮೇಲೆ ಕೆಲಸ ಪೂರ್ತಿ ಮುಗಿಸಿಯೇ ಏಳಬೇಕು, ಅರ್ಧ ಬೋರ್ಡು ಬಿಟ್ಟು ಏಳುವವನು ಪೇಂಟರನೇ ಅಲ್ಲ. ಆ ಮಾತನ್ನು ನಾನು ಒಮ್ಮೆಯೂ ಮೀರಿರಲಿಲ್ಲ. ಮೀರಬೇಕಾಗಿ ಬಂದದ್ದು ನನ್ನ ಮೊಮ್ಮಗಳಿಂದ.

ಗಜಾಲಾ ನನ್ನ ಮಗನ ಮಗಳು. ದಿನಾ ಬಸ್ಸು ಹತ್ತಿ ಹುಮನಾಬಾದಿಗೆ ಕಾಲೇಜಿಗೆ ಹೋಗುತ್ತಾಳೆ, ಬಿ.ಎ. ಕೊನೆಯ ವರ್ಷ. ಡಾಕ್ಟರ್ ಆಗುತ್ತೇನೆ, ಪೊಲೀಸ್ ಆಗುತ್ತೇನೆ ಎನ್ನುವ ಮಕ್ಕಳನ್ನು ಕಂಡಿದ್ದೇನೆ. ಇವಳು ಪಿಡಿಒ ಆಗುತ್ತಾಳಂತೆ! ಹಳ್ಳಿ ಪಂಚಾಯಿತಿಯ ಅಧಿಕಾರಿ. "ಅಲ್ಲಾ ಬೇಟಿ, ಆಸೆ ಪಡೋದಾದ್ರ ಡಿಸಿ ಆಗು" ಎಂದು ಒಮ್ಮೆ ನಮ್ಮ ದಖ್ಖನಿಯಲ್ಲೇ ರೇಗಿಸಿದ್ದೆ.

"ಡಿಸಿ ಸಾಹೇಬ್ರು ಊರಿಗೆ ವರ್ಷಕ್ಕೊಮ್ಮೆ ಬರ್ತಾರ ದಾದಾ. ನಳದಾಗ ನೀರು ಬರಲಿಲ್ಲ ಅಂದ್ರ ಮಂದಿ ಯಾರ ಬಾಗಿಲಿಗಿ ಹೋಗ್ತಾರ?" ಎಂದಳು.

ಜುಲೈ ಹನ್ನೆರಡರ ಸಂಜೆ ಅವಳು ಮನೆಗೆ ಬಂದವಳೇ ಚಪ್ಪಲಿ ಬಿಡದೆ ನನ್ನ ಮುಂದೆ ನಿಂತಳು. ಹುಡಗಿ ಎಂಬ ಊರು ದಾಟಿ ಒಳಗೆ ಹೋದರೆ ಸಿಗುವ ಹುಣಸೇವಾಡಿಯಲ್ಲಿ ಅವಳ ಕಾಲೇಜಿನ ಶಿಬಿರ ನಡೆದಿತ್ತು. ಫೋನಿನಲ್ಲಿ ಒಂದು ಫೋಟೋ ತೋರಿಸಿ, "ದಾದಾ, ಈ ಅಕ್ಷರ ಯಾರ್ದು?" ಎಂದಳು. ಕನ್ನಡದಲ್ಲಿ ಕೇಳಿದಳು. ಅವಳು ಮನೆಯಲ್ಲಿ ಕನ್ನಡಕ್ಕೆ ಬರುವುದು ಸಿಟ್ಟು ಬಂದಾಗ ಮಾತ್ರ. ನಾನು ಅದನ್ನು ಗಮನಿಸಬೇಕಿತ್ತು.

"ಇನ್ಯಾರ್ದು! ಆ ಳ ನೋಡು, ಅದರ ಬಾಲ ನೋಡು. ಇಡೀ ಜಿಲ್ಲಾದಾಗ ಹಿಂಗ ಯಾರು ಎಳೀತಾರ?" ಎಂದೆ, ಎದೆಯುಬ್ಬಿಸಿ.

"ಅಕ್ಷರ ಆಮ್ಯಾಲ ನೋಡ್ಕೋರಿ. ತಾರೀಖು ಓದ್ರಿ."

ಓದಿದೆ. 'ಟ್ಯಾಂಕ್ ತೊಳೆದ ದಿನಾಂಕ' ಎಂಬ ತಲೆಬರಹದ ಕೆಳಗೆ ಹನ್ನೆರಡು ಸಾಲು, ಎಲ್ಲವೂ ಹದಿನೈದನೇ ತಾರೀಖು. ಜನವರಿ, ಫೆಬ್ರವರಿ, ಹಾಗೇ ಕೆಳಗಿಳಿದು ಡಿಸೆಂಬರ್. ಪ್ರತಿ ಸಾಲಿನ ಮುಂದೆ 'ತೊಳೆಯಲಾಗಿದೆ'.

"ಇವತ್ತ ಜುಲೈ ಹನ್ನೆರಡು. ಡಿಸೆಂಬರ್‌ನಾಗ ಟ್ಯಾಂಕ್ ತೊಳೆದದ್ದು ನಿಮಗ ಈಗೇ ಹ್ಯಾಂಗ ಗೊತ್ತಾತು ದಾದಾ?"

ಜನವರಿಯಲ್ಲಿ ಆ ಊರಿನ ಪಿಡಿಒ ದಿಲೀಪ ಸಾಹೇಬರು, "ಪ್ರತಿ ತಿಂಗಳು ಯಾಕ ಬರ್ತೀರಿ, ವರ್ಷದ್ದು ಒಮ್ಮೆಗೇ ಹೊಡೆದು ಹೋಗ್ರಿ" ಎಂದಿದ್ದರು. ನನಗೂ ಅದೇ ಬೇಕಿತ್ತು. ಡಬ್ಬಿ ಬಿಚ್ಚಿದ್ದೆ, ಪೂರ್ತಿ ಮುಗಿಸಿ ಎದ್ದೆ. ಆಗಸ್ಟ್ ಹದಿನೈದಕ್ಕೆ ಇವರು ಝಂಡಾ ಏರಿಸುತ್ತಾರೋ ಟ್ಯಾಂಕು ಏರುತ್ತಾರೋ ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಒಂದೇ ಒಂದು ಅಕ್ಷರ ತಪ್ಪಿರಲಿಲ್ಲ, ಬರೆದದ್ದೆಲ್ಲ ಸುಳ್ಳಾಗಿತ್ತು.

"ನಂದೇನು ತಪ್ಪು? ಬರೀ ಅಂದ್ರು, ಬರೆದೆ" ಎಂದು ಅವಳ ಮೇಲೆಯೇ ಹರಿಹಾಯ್ದೆ.

"ಸರಿತಾ ಗೊತ್ತಲ್ಲ, ನನ್ನ ಗೆಳತಿ? ಆಕಿ ಅಜ್ಜಿ ಕಮಳಾಬಾಯಿ ಆ ನೀರು ಕುಡಿದು ವಾಂತಿ ಭೇದಿ ಆಗಿ ನಾಲ್ಕು ದಿನ ಸಲೈನ್ ಮ್ಯಾಲ ಇದ್ರು. ಓಣ್ಯಾಗ ಹದಿನಾರು ಮಂದಿಗಿ ಹಂಗೇ ಆಗ್ಯಾದ. ನಾನು ಹುಮನಾಬಾದ್‌ನಾಗ ತಾಲ್ಲೂಕು ಪಂಚಾಯ್ತಿಗಿ ದೂರು ಕೊಟ್ಟು ಬಂದೀನಿ. ಫೋಟೋನೂ ಹಚ್ಚೀನಿ" ಎಂದಳು. ಆಮೇಲೆ ದನಿ ಇಳಿಸಿ, "ನಿಮ್ಮ ಹೆಸರು ಹೇಳಿಲ್ಲ" ಎಂದಳು.

ಆ ಕೊನೆಯ ಮಾತಿಗೆ ನನಗೆ ನಾಚಿಕೆಯಾಯಿತು.

ದೂರಿನ ಸುದ್ದಿ ದಿಲೀಪ ಸಾಹೇಬರಿಗೆ ತಲುಪಲು ಎರಡು ದಿನ ಸಾಕಾಯಿತು. ಮೊದಲು ಗಜಾಲಾಳಿಗೆ ಫೋನು ಬಂತು. ಸರ್ಕಾರಿ ನೌಕರನ ಮೇಲೆ ಸುಳ್ಳು ದೂರು ಕೊಟ್ಟರೆ ಕೇಸು ಹಾಕಿಸುತ್ತೇನೆ, ಕೇಸಾದ ಮೇಲೆ ನೌಕರಿಯ ಕನಸು ಬಿಡು ಎಂದರಂತೆ. ಹುಡುಗಿ ಆ ದಿನ ಊಟ ಮಾಡಲಿಲ್ಲ, ಪುಸ್ತಕವನ್ನೂ ಮುಟ್ಟಲಿಲ್ಲ. ಆದರೆ ದೂರು ವಾಪಸು ತೆಗೆದುಕೊಳ್ಳುವ ಮಾತೂ ಆಡಲಿಲ್ಲ.

ಇಪ್ಪತ್ತಮೂರಕ್ಕೆ ನನಗೆ ಫೋನು ಬಂತು. "ಖಮರುದ್ದೀನ್ ಚಾಚಾ, ಬಸವಕಲ್ಯಾಣದ ಯಾವಾಕಿನೋ ಹುಡುಗಿ ತಲಿ ತಿನ್ನಾಕತ್ತಾಳ. ನಾಡಿದ್ದು ಮೀಟಿಂಗ್ ಅದ. ನಾಳೆ ಮುಂಜಾನೆ ಹೋಗಿ ಆಗಸ್ಟ್‌ನಿಂದ ಕೆಳಗಿಂದೆಲ್ಲಾ ಅಳಿಸಿಬಿಡ್ರಿ. ಈ ಸಲ ಸುತ್ತಲಿನ ಐದೂ ಪಂಚಾಯ್ತಿ ಕೆಲಸ ನಿಮಗೇ ಕೊಡಿಸ್ತೀನಿ." ಆ ಯಾವಾಕಿನೋ ಹುಡುಗಿ ನನ್ನ ಮನೆಯ ಅಟ್ಟದ ಕೆಳಗೆ ಓದುತ್ತಾ ಕುಳಿತಿದ್ದಾಳೆಂದು ಅವರಿಗೇನು ಗೊತ್ತು?

ಅಳಿಸಲಿಕ್ಕೆಂದೇ ಹೋದೆ. ಸುಳ್ಳೇಕೆ ಹೇಳಲಿ? ಬಿಳಿ ಬಣ್ಣದ ಡಬ್ಬಿ ಹಿಡಿದು ಬಸ್ಸು ಹತ್ತಿದೆ. ಐದು ಪಂಚಾಯಿತಿ ಅಂದರೆ ವರ್ಷದ ಅನ್ನ. ದಾರಿಯುದ್ದಕ್ಕೂ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಮುಂದಿನ ತಾರೀಖು ಬರೆದದ್ದು ತಪ್ಪು, ತಪ್ಪನ್ನು ಅಳಿಸಿದರೆ ಅದೂ ತಪ್ಪೇ? ಮನುಷ್ಯನಿಗೆ ಬೇಕಾದಾಗ ನ್ಯಾಯ ಹೇಗೆ ಬೇಕಾದರೂ ಬಾಗುತ್ತದೆ.

ಟ್ಯಾಂಕಿನ ಎದುರಿನ ಮನೆಯೇ ಕಮಳಾಬಾಯಿಯದು. ಕಟ್ಟೆಯ ಮೇಲೆ ಕುಳಿತಿದ್ದರು, ಮೈಯಲ್ಲಿ ಮೂಳೆಯಷ್ಟೇ ಉಳಿದಿತ್ತು. ನನ್ನನ್ನು ಕಂಡವರೇ ಎದ್ದು ಒಂದು ತಂಬಿಗೆ ನೀರು ತಂದುಕೊಟ್ಟರು.

"ಕುಡೀರಿ ಪೇಂಟರ್ ಸಾಹೇಬ್ರ, ಅಂಜಬ್ಯಾಡ್ರಿ, ಕಾಸಿ ಆರಿಸಿದ್ದು. ಮೊದಲೆಲ್ಲಾ ಹಂಗೇ ಕುಡೀತಿದ್ದೆವು. ತೊಳೆದಾರ ಅಂತ ನೀವು ಚಂದಾಗಿ ಬರೆದಿದ್ರಿ, ಸರಿತಾ ಓದಿ ಹೇಳಿದ್ಲು. ಇಷ್ಟು ಚಲೋ ಬರೆದಾರ ಅಂದ್ರ ಖರೇನೇ ಇರಬೇಕು ಅಂತ ನಂಬಿದ್ವಿ."

ಆ ಮುದುಕಿಯ ದನಿಯಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ತಂಬಿಗೆ ಕೆಳಗಿಟ್ಟು ಟ್ಯಾಂಕಿನ ಕಬ್ಬಿಣದ ಏಣಿ ಹತ್ತಿದೆ. ಇಷ್ಟು ವರ್ಷ ಎಷ್ಟೋ ಟ್ಯಾಂಕಿಗೆ ಬರೆದಿದ್ದೇನೆ, ಒಳಗೆ ಇಣುಕಿದ್ದು ಅದೇ ಮೊದಲು. ಮುಚ್ಚಳ ಸರಿಸಿದರೆ ಮೂಗು ಒಡೆಯುವ ನಾತ. ಮೊಳದುದ್ದದ ಪಾಚಿ, ಕೆಸರು, ಒಂದು ಪಾರಿವಾಳದ ರೆಕ್ಕೆ. ತೋಬಾ ತೋಬಾ! ಇಳಿದು ಬಂದು ಡಬ್ಬಿಯ ಮುಚ್ಚಳ ತೆಗೆಯದೆ ಬಸ್ಸಿಗೆ ನಡೆದೆ. ಬಸ್ಸು ಹುಡಗಿ ಊರು ದಾಟುವ ಮೊದಲೇ ಸಾಹೇಬರ ಫೋನು ಬಂತು, "ಆತೇನ್ ಚಾಚಾ?" "ಹೋಗಿ ಬಂದೆ ಸಾಹೇಬ್ರ" ಎಂದಷ್ಟೇ ಹೇಳಿದೆ.

ಮರುದಿನ ಹುಮನಾಬಾದಿನ ಸಭೆಗೆ ಗಜಾಲಾಳ ಜೊತೆ ನಾನೂ ಹೋದೆ. "ನೀವ್ಯಾಕ ದಾದಾ?" ಎಂದಳು. "ಮುದುಕನಿಗೆ ಊರು ನೋಡೋ ಆಸೆ ಇರಬಾರ್ದೇನು?" ಎಂದೆ. ಅವಳು ಸರಿತಾಳ ಜೊತೆ ಮುಂದಿನ ಸಾಲಿನಲ್ಲಿ ಕುಳಿತಳು, ನಾನು ಹಿಂದೆ ಕಂಬದ ಮರೆಯಲ್ಲಿ ಕುಳಿತೆ.

ತಾಲ್ಲೂಕು ಪಂಚಾಯಿತಿಯ ಅಧಿಕಾರಿ ರಾಜೇಶ್ವರಿ ಮೇಡಮ್ ದೂರು ಓದಿಸಿದರು. ದಿಲೀಪ ಸಾಹೇಬರು ಎದ್ದು ನಕ್ಕರು. "ಮೇಡಮ್, ಇದು ಮೊಬೈಲಿನಾಗ ತಿದ್ದಿದ ಫೋಟೋ ರಿ. ಈಗಿನ ಹುಡುಗೂರು ಏನ್ ಬೇಕಾದ್ರೂ ಮಾಡ್ತಾರ. ಪ್ರತಿ ತಿಂಗಳು ನಾನೇ ಮುಂದ ನಿಂತು ತೊಳೆಸಿ ತಾರೀಖು ಬರೆಸೀನಿ. ನಿನ್ನೆ ಸಂಜೀಕೂ ಹೋಗಿ ನೋಡಿ ಬಂದೀನಿ, ಜುಲೈ ನಂತರದ ಒಂದು ಸಾಲೂ ಅಲ್ಲಿಲ್ಲ. ಈಕಿ ಮ್ಯಾಲ ಕೇಸ್ ಹಾಕಾಕ ಪರವಾನಗಿ ಕೊಡ್ರಿ."

ಗಜಾಲಾ ಎದ್ದು ನಿಂತಳು. "ಫೋಟೋ ಖರೇನೇ ಅದ ಮೇಡಮ್. ನಾನು ಸುಳ್ಳು ಹೇಳಿಲ್ಲ" ಎಂದಳು.

ನಾನು ಕಂಬ ಹಿಡಿದು ಎದ್ದೆ. "ಸಾಹೇಬ್ರ, ನಿನ್ನೆ ಖರೇನೇ ಹೋಗಿದ್ರೇನ್ರಿ?"

"ಚಾಚಾ, ನೀವಿಲ್ಲಿ..." ಎಂದರು. ಆಮೇಲೆ ಧೈರ್ಯ ತಂದುಕೊಂಡು, "ಹೌದು, ಹೋಗಿದ್ದೆ" ಎಂದರು.

"ಹಂಗಾರ ಮೊದಲು ಕಣ್ಣು ತೋರಿಸ್ಕೋರಿ. ಡಿಸೆಂಬರ್ ತನಕ ಹನ್ನೆರಡೂ ಸಾಲು ಅಲ್ಲೇ ಅದಾವ. ಅಳಿಸು ಅಂತ ನೀವು ಫೋನ್ ಮಾಡಿದ್ರಿ. ನಾ ಅಳಿಸಿಲ್ಲ. ಒಂದು ಸಲ ಊರಿಗಿ ಬಂದು ನೋಡಿದ್ರ ನಿಮಗ ಗೊತ್ತಾಗ್ತಿತ್ತು."

ಮೇಡಮ್, "ನೀವು ಯಾರ್ರಿ?" ಎಂದು ಕೇಳಿದರು.

"ಆ ಸುಳ್ಳು ಬರೆದ ಪೇಂಟರ್ ನಾನೇ ಮೇಡಮ್. ಜನವರ್ಯಾಗ ಒಂದೇ ದಿನ ಹನ್ನೆರಡು ತಿಂಗಳದ್ದು ಬರೆದೀನಿ. ನನ್ನ ತಪ್ಪೂ ಬರ್ಕೋರಿ. ಈಕಿ ನನ್ನ ಮೊಮ್ಮಗಳು."

"ನೋಡ್ರಿ, ನೋಡ್ರಿ!" ದಿಲೀಪ ಸಾಹೇಬರು ಕುರ್ಚಿಯಿಂದ ಹಾರಿದರು. "ಅಜ್ಜ ಮೊಮ್ಮಗಳು ಕೂಡಿ ಮಾಡಿದ ಆಟ ಇದು!"

"ನಾವು ಸಂಬಂಧಿಕರು, ಒಪ್ಕೊಂಡೆ. ಆದ್ರ ಆ ಗೋಡೆ ನಮ್ಮ ಸಂಬಂಧಿಕರಲ್ಲಲ್ರಿ. ನಡೀರಿ, ಅದನ್ನೇ ಕೇಳೋಣ" ಎಂದೆ.

ಮೇಡಮ್ ಆಗಲೇ ಎದ್ದಿದ್ದರು. ಜೀಪು ನೇರ ಹುಣಸೇವಾಡಿಗೆ ಹೋಯಿತು. ನನ್ನ ಹನ್ನೆರಡು ಸಾಲು ಬಿಸಿಲಿನಲ್ಲಿ ಹೊಳೆಯುತ್ತಾ ನಿಂತಿದ್ದವು. ನನ್ನ ಕೈಬರಹ ಅಷ್ಟು ಕೆಟ್ಟದಾಗಿ ನನಗೆಂದೂ ಕಂಡಿರಲಿಲ್ಲ. ಮೇಡಮ್ ಸೆರಗು ಸಿಕ್ಕಿಸಿಕೊಂಡು ತಾವೇ ಏಣಿ ಹತ್ತಿದರು, ಒಳಗೆ ನೋಡಿ ಇಳಿದರು, ಅಲ್ಲಿಯೇ ನಿಂತು ದಿಲೀಪ ಸಾಹೇಬರ ಹೆಸರಿಗೆ ನೋಟಿಸು ಬರೆಸಿದರು. ನನಗೂ ಮುಖ ಇಳಿಯುವ ಹಾಗೆ ಬೈದರು. ಬೈಸಿಕೊಂಡೆ, ಬೈಸಿಕೊಳ್ಳಬೇಕಾದದ್ದೇ. ಕೊನೆಗೆ ಗಜಾಲಾಳ ಕಡೆ ತಿರುಗಿ, "ಮುಂದ ಏನ್ ಮಾಡ್ಬೇಕು ಅಂತಿದ್ದೀಯವ್ವ?" ಎಂದರು.

"ಪಿಡಿಒ ರಿ, ಮೇಡಮ್."

ಮೇಡಮ್ ನಗಲಿಲ್ಲ. "ಲಗೂನ ಬಾ" ಎಂದರು. ನನ್ನ ಎದೆ ಎಷ್ಟು ಅಗಲವಾಯಿತೆಂದರೆ, ಅಂಗಿಯ ಗುಂಡಿ ಹರಿಯದೆ ಉಳಿದದ್ದೇ ಹೆಚ್ಚು.

ಆಮೇಲೆ ಆ ಐದರಲ್ಲಿ ನಾಲ್ಕು ಪಂಚಾಯಿತಿಗಳವರು ನನ್ನನ್ನು ಕರೆಯುವುದನ್ನೇ ಬಿಟ್ಟರು. ಬಿಡಲಿ, ನನ್ನ ಬ್ರಶ್ಶೇನು ಮುರಿದಿಲ್ಲ.

ಮುಂದಿನ ವಾರ ಊರವರ ಎದುರೇ ಟ್ಯಾಂಕು ತೊಳೆದರು. ಗಜಾಲಾ ಏಣಿ ಹತ್ತಿ, ಒಳಗಿಳಿದು, ಮೂಲೆ ಮೂಲೆ ಕೈಯಾಡಿಸಿ ನೋಡಿ, ಮೊಣಕಾಲವರೆಗೆ ತೊಯ್ದು ಹೊರಗೆ ಬಂದಳು. "ಈಗ ಬರೀರಿ ದಾದಾ" ಎಂದಳು. ಈ ಸಲ ದಖ್ಖನಿಯಲ್ಲಿ.

ಹಳೆಯದನ್ನೆಲ್ಲ ಕೆರೆದು ತೆಗೆದು, ಆ ದಿನದ ತಾರೀಖನ್ನು ಬರೆದೆ. ಕಮಳಾಬಾಯಿ ಕಟ್ಟೆಯಿಂದಲೇ ಕೂಗಿದರು, "ಕೆಳಗೆಲ್ಲಾ ಖಾಲಿ ಬಿಟ್ಟೀರಲ್ರಿ, ಕೆಲಸ ಮುಗೀಲಿಲ್ಲೇನು?"

"ಮುಗೀಲಿಲ್ಲ ಬಾಯಿ" ಎಂದು ಡಬ್ಬಿ ಮುಚ್ಚಿದೆ. ನಲವತ್ತೆರಡು ವರ್ಷಗಳಲ್ಲಿ ನಾನು ಅರ್ಧಕ್ಕೆ ಬಿಟ್ಟು ಎದ್ದ ಮೊದಲ ಬೋರ್ಡು ಅದು.