ಸುಂಕಲಮ್ಮ ಬಿಟ್ಟ ಕುರಿ

ಚೀಲದ ಬಾಯಿ ಬಿಚ್ಚುತ್ತಲೇ ವಾಣಿಶ್ರೀ ಮುಖ ಹಿಂದಕ್ಕೆಳೆದುಕೊಂಡಳು. ಗಂಗಾವತಿಯ ಅಕ್ಕಿ ವ್ಯಾಪಾರಿಯ ಮಗಳು; ಕುರಿರೋಗದ ಸಂಶೋಧನೆಗೆಂದು ಕುಷ್ಟಗಿ ಕಡೆಯ ಹಟ್ಟಿಗಳನ್ನು ಸುತ್ತುತ್ತಿದ್ದಳು. ಸತ್ತ ಕುರಿಯ ಪುಪ್ಪುಸವನ್ನು ಹಟ್ಟಿಯ ಮುದಿ ಕುರಿಗಾಹಿ ಆದೆಪ್ಪ ಅವಳಿಗಾಗಿ ಉಪ್ಪು ಸವರಿ, ಮೇಲೆ ಕುರುಬರ ದೇವರು ಬೀರಪ್ಪನ ಭಂಡಾರದ ಅರಿಶಿನ ಹಚ್ಚಿ ಇಟ್ಟಿದ್ದ. ಬಿಸಿಲಿಗೆ ಅದು ಹಳದಿ ಲೋಳೆಯಾಗಿ ನಾರುತ್ತಿತ್ತು.

"ಯಜ್ಜಾ, ತಣ್ಣಗಿಡ್ರಿ ಅಂದಿದ್ನಲ್ರಿ."

"ಕೆಡಬಾರದಂತ ಹಚ್ಚೀನಿ. ಖಂಡ ನಾವು ಇಡೋದ ಹಿಂಗ. ದೇವರ ಭಂಡಾರಕ್ಕಿಂತ ಔಷಧ ಐತೇನವ್ವಾ?"

"ಕೊಳತದ್ದರಾಗ ವೈರಸ್ಸಿನ ಆಕಾರ ಉಳಿಯೂದಿಲ್ರಿ. ಸುತ್ತಲಿನ ಪೊರಿ, ನಡುವಿನ ಕರೇ ತಿರುಳು, ಎರಡೂ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಾಗ ಕಾಣಬೇಕು. ಯಾವ ರೋಗ ಅಂತ ತಿಳೀದಿದ್ರ ಹಿಂಡು ಉಳಸೋದು ಹೆಂಗ? ಈಗ ಕೊಯ್ದದ್ದು ಬೇಕು."

ರೋಗ ತಗುಲಿದವುಗಳಲ್ಲಿ ಒಂದೇ ಜೀವಂತ ಉಳಿದಿತ್ತು. ಹೋದ ವರ್ಷ ತೀರಿಕೊಂಡ ಹೆಂಡತಿ ಸುಂಕಲಮ್ಮ ಬೀರಪ್ಪನ ಹೆಸರಿಗೆ ಬಿಟ್ಟ ಕುರಿ. ರೋಗ ತೋರಿಸಲೆಂದು ಆದೆಪ್ಪ ಅದರ ಹಿಂಗಾಲು ಹಿಡಿದು ಎತ್ತಿದ. ಮೂಗಿನಿಂದ ಬೆಚ್ಚನೆಯ ಬುರುಗು ದಳದಳ ಸುರಿದು ಅವನ ಪಾದವನ್ನೇ ನೆನೆಸಿತು. ಉಸಿರಾಡುವ ಜೀವದೊಳಗೆ ಇಷ್ಟು ಹೊಲಸೇ?

"ಇದು ದೇವರ ಸೊತ್ತವ್ವಾ. ಪೂಜಿ ಇಲ್ಲದ ಚೂರಿ ಮುಟ್ಟಸಂಗಿಲ್ಲ."

"ಇಂಥಾದ್ದನ್ನ ಬೀರಪ್ಪಗ ಕೊಡ್ತೀರೇನು?"

ಆದೆಪ್ಪ ಪಾದದ ಮೇಲಿನ ನೊರೆಯನ್ನೇ ನೋಡಿದ. ಅದು ದೇವರ ಕಟ್ಟೆಯ ಮೇಲೆ ಸುರಿದಂತೆ ಕಣ್ಣಿಗೆ ಕಟ್ಟಿತು. ಒಳಗೆ ಹೋಗಿ ಚೂರಿ ತಂದ. ಸುಂಕಲಮ್ಮನಿಗೆ ಏನು ಹೇಳಿಕೊಂಡನೋ, ತುಟಿ ಮಾತ್ರ ಅಲುಗಿದವು.

ಕೊಯ್ದು ತೆಗೆದ ಪುಪ್ಪುಸ ಬೂದಿ ಬಣ್ಣಕ್ಕೆ ತಿರುಗಿ ಕಲ್ಲಿನಂತೆ ತೂಗುತ್ತಿತ್ತು. ಒತ್ತಿದಲ್ಲೆಲ್ಲ ನೊರೆ. ವಾಣಿಶ್ರೀ ಉಸಿರು ಬಿಗಿಹಿಡಿದು ಎಳ್ಳಿನಷ್ಟು ಚೂರುಗಳನ್ನು ಕೊಯ್ದು ಔಷಧದ ಶೀಶೆಗೆ ಹಾಕಿ, ಬೇಲಿಯ ಮರೆಗೆ ಓಡಿ ವಾಂತಿ ಮಾಡಿಕೊಂಡಳು.

"ತತ್ತಿ ಸೈತ ಕಾಣದ ಮನ್ಯಾಗ ಹುಟ್ಟಿ ಎಂಥಾ ಕೆಲಸ ಹಿಡದೀಯವ್ವಾ," ಎಂದು ಆದೆಪ್ಪ ಚೊಂಬು ಚಾಚಿದ. "ಇಷ್ಟಕ್ಕ ಒಂದು ಜೀವಾನ?"

"ಇಷ್ಟ ಸಾಕ್ರಿ." ಅವಳು ಬಾಯಿ ಮುಕ್ಕಳಿಸಿದಳು. "ಉಳಿದದ್ದು ಸುಣ್ಣ ಹಾಕಿ ಹುಗೀರಿ. ಯಾರೂ ತಿನ್ನಬ್ಯಾಡ್ರಿ."

"ತಿನ್ನೋದೆಲ್ಲಿ ಬಂತು? ನಾಯಿ ಸೈತ ಮೂಸಿ ಹೋತು."

"ಈ ಬುರುಗು ಮರಿಗೋಳಿಗೆ ತಾಗಬಾರದ್ರಿ. ಅದರಿಂದನ ಹರಡತೈತಿ."

ಅವಳ ಗಾಡಿಯ ಸದ್ದು ಡಾಂಬರು ರಸ್ತೆ ಸೇರಿತು. ಆದೆಪ್ಪ ಗುಂಡಿ ಮುಚ್ಚಿ, ಕೈ ತೊಳೆಯಲು ನೀರಿನ ಬಾನಿಯತ್ತ ನಡೆದ. ನಡುದಾರಿಯಲ್ಲೇ, ಮೊದಲು ಸತ್ತಿದ್ದ ಕುರಿಯ ತಬ್ಬಲಿ ಮರಿ ಓಡಿಬಂದು, ಹಾಲಿಗೆಂದು ಅವನ ಬೆರಳಿಗೆ ಬಾಯಿ ಚಾಚಿತು. ಅವನು ಸರಕ್ಕನೆ ಬುರುಗು ಮೆತ್ತಿದ ಎರಡೂ ಕೈಗಳನ್ನು ಬೆನ್ನ ಹಿಂದೆ ಎತ್ತಿ ಹಿಡಿದ. ಮರಿ ಅವನನ್ನು ಸುತ್ತಿ ಹಿಂದೆ ಬಂತು.