ಮಕಬೂಲಸಾಬನ ಇಪ್ಪತ್ತೊಂಬತ್ತನೇ ತಾರೀಖು

ಕಮರಿಪೇಟೆಯಲ್ಲಿ ಮಕಬೂಲಸಾಬನ ಗಡಿಯಾರದಂಗಡಿ ಎಷ್ಟು ಚಿಕ್ಕದೆಂದರೆ, ಅವನು ಒಳಗೆ ಕೂತು ಸೀನಿದರೆ ಗೋಡೆಯ ಹನ್ನೆರಡೂ ಗಡಿಯಾರ ಐದು ನಿಮಿಷ ಮುಂದೆ ಹೋಗುತ್ತಿದ್ದವು. ಬಾಗಿಲು ಒಂದೇ. ೧೯೪೪ರ ಫೆಬ್ರವರಿ ಇಪ್ಪತ್ತೊಂಬತ್ತರ ಬೆಳಿಗ್ಗೆ ಆ ಬಾಗಿಲು ತುಂಬಿಕೊಂಡು ಹತ್ತಿ ವ್ಯಾಪಾರಿ ಬೀರಲಿಂಗಪ್ಪ ಬಂದು ಕೂತ. ಅವನು ಕೂತನೆಂದರೆ ಓಣಿಯ ಹೆಂಗಸರು ಮೋಡ ಬಂತೆಂದು ಹಪ್ಪಳ ಎತ್ತಿಡುತ್ತಿದ್ದರು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

"ತಾರೀಖು ತೋರ್ಸು, ಮಕಬೂಲಾ."

ಬೀರಲಿಂಗಪ್ಪ ಮುಂಬಯಿಯಲ್ಲಿ ಯಾವನೋ ಸಾಹೇಬನಿಂದ ಕೊಂಡ ಕೈಗಡಿಯಾರದ ಮಾತು ಅದು. ಯಾವ ತಿಂಗಳಿಗೆ ಎಷ್ಟು ದಿನ, ಯಾವ ವರ್ಷ ಫೆಬ್ರವರಿಗೆ ಒಂದು ದಿನ ಹೆಚ್ಚು, ಎಲ್ಲ ತಾನೇ ಬಲ್ಲದು. ಡಿಸೆಂಬರಿನಲ್ಲಿ ಅದನ್ನು ಬಿಚ್ಚಿ ತೊಳೆದು ಕೂಡಿಸಿದ ಮಕಬೂಲಸಾಬ, ಚಹಾದಂಗಡಿಯಲ್ಲಿ ನಲವತ್ತು ಮಂದಿಯ ಮುಂದೆ ಹೇಳಿಬಿಟ್ಟಿದ್ದ: "ಇಪ್ಪತ್ತೊಂಬತ್ತು ತಾನಾಗೇ ಬರ್ತದ. ಬರಲಿಲ್ಲಂದ್ರ ನಾ ಮತ್ತ ಚಿಮಟಾ ಹಿಡಿಯಂಗಿಲ್ಲ."

ನಿನ್ನೆ ಬೀರಲಿಂಗಪ್ಪ ಹೊಸ ಪಟ್ಟಿ ಹಾಕಲು ಬಿಟ್ಟುಹೋಗಿದ್ದ ಆ ಗಡಿಯಾರ ಈಗ ಮಕಬೂಲಸಾಬನ ಅಂಗೈಯಡಿ ಮಾರ್ಚ್ ಒಂದು ತೋರಿಸುತ್ತಿತ್ತು.

ತಪ್ಪು ಎಲ್ಲಾಯಿತೆಂದು ಅವನಿಗೆ ತಕ್ಷಣ ಹೊಳೆಯಿತು. ಡಯಲಿನ ಕೆಳಗೊಂದು ಗಾಲಿ, ನಾಲ್ಕು ವರ್ಷಕ್ಕೆ ಒಂದೇ ಸುತ್ತು. ಅದರ ಅಂಚಿನಲ್ಲಿ ಸಣ್ಣ ತಿಂಗಳಿಗೊಂದು ತಗ್ಗು. ತಗ್ಗು ಆಳವಿದ್ದಷ್ಟೂ ತಾರೀಖು ದೂರ ಹಾರುತ್ತದೆ. ಎಲ್ಲಕ್ಕಿಂತ ಆಳ ಫೆಬ್ರವರಿಯದು. ನಾಲ್ಕರಲ್ಲಿ ಒಂದು ಫೆಬ್ರವರಿಗೆ ಮಾತ್ರ ಕೂದಲೆಳೆಯಷ್ಟು ಕಡಿಮೆ. ಇದು ಎಷ್ಟನೇ ವರ್ಷವೆಂದು ಹೊರಗೆ ಕಾಣುವುದಿಲ್ಲ, ಕೂಡಿಸುವವನೇ ಲೆಕ್ಕ ಹಿಡಿದು ಇಡಬೇಕು. ಪೇಟೆಯ ವ್ಯಾಪಾರಿಗಳಿಗೆ ದೀಪಾವಳಿ ಪಾಡ್ಯಕ್ಕೇ ಹೊಸ ವರ್ಷ. ಇಪ್ಪತ್ತು ವರ್ಷ ಅವರ ಗಡಿಯಾರ ತೊಳೆದ ಮಕಬೂಲಸಾಬನಿಗೂ ಅದೇ ರೂಢಿ. ಪಾಡ್ಯ ಕಳೆಯಿತು, ನಲವತ್ನಾಲ್ಕು ಬಂತು ಎಂದು ಡಿಸೆಂಬರಿನಲ್ಲೇ ಗಾಲಿಯನ್ನು ಆ ವರ್ಷಕ್ಕೆ ಇಟ್ಟಿದ್ದ. ಜನವರಿ ಬಂದದ್ದೇ ಗಡಿಯಾರ ನಲವತ್ತೈದಕ್ಕೆ ಓಡಿತ್ತು; ಅದರ ಲೆಕ್ಕದಲ್ಲಿ ಈ ಫೆಬ್ರವರಿಗೆ ಇಪ್ಪತ್ತೆಂಟೇ ದಿನ.

ಹಿಂದಕ್ಕೆ ತಿರುಗಿಸಿದರೆ ಹಲ್ಲು ಮುರಿಯುತ್ತವೆ. ಮುಂದಕ್ಕೇ ಹೋಗಬೇಕು. ಪಕ್ಕದ ಗುಂಡಿ ಒಮ್ಮೆ ಒತ್ತಿದರೆ ಒಂದು ದಿನ. ಮುಂದಿನ ಫೆಬ್ರವರಿ ಇಪ್ಪತ್ತೊಂಬತ್ತು ಮೂರು ವರ್ಷದಾಚೆ, ಸಾವಿರದ ತೊಂಬತ್ತೈದು ಸಲ.

"ಪಟ್ಟಿ ಇನ್ನೂ ಹೊಲೀಬೇಕ್ರಿ, ಸಾವ್ಕಾರ್ರ. ಮಧ್ಯಾಹ್ನ ಬರ್ರಿ."

"ಹೊಲಿ. ಮನ್ಯಾಗ ನಮ್ಮಾಕಿ ಕಸ್ತೂರೆವ್ವ ಸುಣ್ಣಾ ಹಚ್ಚಾಕತ್ತಾಳ. ನಾ ಇಲ್ಲೇ ಕುಂದರ್ತೇನಿ."

"ಒಳಗ ಗಾಳಿ ಬರವಲ್ದ್ರಿ."

"ಗಾಳಿ ಬಂದ್ರ ಗಡಿಯಾರಕ್ಕ ಧೂಳ ಹತ್ತತದಪಾ."

ಮಕಬೂಲಸಾಬ ಗಡಿಯಾರವನ್ನು ಮೇಜಿನಡಿ ತೊಡೆಯ ಮೇಲಿಟ್ಟುಕೊಂಡು ಬೇವಿನ ಕಡ್ಡಿಯಿಂದ ಒತ್ತತೊಡಗಿದ. ಸಪ್ಪಳ ಮುಚ್ಚಲು ಒತ್ತಿಗೊಂದು ಕೆಮ್ಮು. ಮುನ್ನೂರಕ್ಕೆ ಹೆಬ್ಬೆರಳು ಬದನೆಕಾಯಿಯಾಯಿತು. ಆರುನೂರಕ್ಕೆ ಎದುರುಮನೆಯ ರೆಹಮತ್‌ಬಿ ಕೆಮ್ಮಿಗೆಂದು ಕಷಾಯ ಕಳಿಸಿದಳು. ಅದೂ ಬೀರಲಿಂಗಪ್ಪನನ್ನು ದಾಟಿ ಒಳಗೆ ಬರಲಿಲ್ಲ, ಅವನೇ ಕುಡಿದ. ಅಂಗಡಿ ಬೆಂಕಿಪೆಟ್ಟಿಗೆಯಷ್ಟಾಗಿ, ಬೆವರು ಹರಿದು ಹೊಸಿಲಿಗೆ ಬಂತು. ಸಾವಿರದ ತೊಂಬತ್ತೈದು. ಇಪ್ಪತ್ತೊಂಬತ್ತು ಇಣುಕಿತು.

"ಕೆಳಗ ಏನ್ ಮಾಡಾಕತ್ತಿ?"

ಬೆಚ್ಚಿದ ಬೆರಳು ಇನ್ನೊಂದು ಸಲ ಒತ್ತಿತು. ಮಾರ್ಚ್ ಒಂದು.

ಮಕಬೂಲಸಾಬ ಗಡಿಯಾರವನ್ನು ಮೇಜಿನ ಮೇಲಿಟ್ಟ. "ತಪ್ಪು ನಂದ್ರಿ. ಪಾಡ್ಯಾದ ವರ್ಷಾ ಹಿಡದು ಗಾಲಿ ಇಟ್ಟೆ. ಇನ್ನ ಚಿಮಟಾ ಹಿಡಿಯಂಗಿಲ್ರಿ."

ಬೀರಲಿಂಗಪ್ಪ ಗಡಿಯಾರ ಎತ್ತಿ ನೋಡಿ ಮತ್ತೆ ಅವನ ಮುಂದೆ ತಳ್ಳಿದ. "ಪಾಡ್ಯಾ ಆದಮ್ಯಾಲ ಹೊಸಾ ವರ್ಷ ಅಲ್ಲದ ಹಳೇದೇನು? ಛಲೋ ಮಾಡೀದಿ. ಗಡಿಯಾರಕ್ಕ ರೀತಿ ತಿಳಿಯೂದಿಲ್ಲ. ಒತ್ತು, ನಾ ಎಣಸ್ತೇನಿ."

ಮತ್ತೆ ನಾಲ್ಕು ವರ್ಷದ ದಾರಿ, ಇನ್ನೂ ಸಾವಿರದ ನಾನೂರ ಅರವತ್ತು ಸಲ. ಬೀರಲಿಂಗಪ್ಪ ಎಣಿಸಿದ ದನಿಗೆ ಊರಾಚೆಯ ಬೈರಿದೇವರಕೊಪ್ಪದ ಎತ್ತುಗಳು ಹೆಜ್ಜೆ ಹಾಕಿದವಂತೆ. ಹೊತ್ತು ಇಳಿಯುವಾಗ ಇಪ್ಪತ್ತೊಂಬತ್ತು ಬಂದು ನಿಂತಿತು.

ಬೀರಲಿಂಗಪ್ಪ ಮಾತ್ರ ಏಳಲಿಲ್ಲ.

"ಇದನ್ನ ನೀ ತಂದಿ. ತಾನಾಗೇ ಬರಲಿಲ್ಲ. ತಾನಾಗೇ ಬರೂದು ನಾಕ ವರ್ಷಕ್ಕ. ಅಲ್ಲೀತನಾ ಚಿಮಟಾ ಬಿಡಂಗಿಲ್ಲ, ಊರೂ ಬಿಡಂಗಿಲ್ಲ. ದಿನಾ ಮುಂಜಾನೆ ಇಲ್ಲೇ ಬಂದು ಕುಂತು ಗಡಿಯಾರ ತೋರಸ್ತೇನಿ."

ಮಕಬೂಲಸಾಬ ಲೆಕ್ಕ ಹಾಕಿದ. ಸಾವಿರದ ನಾನೂರ ಅರವತ್ತೊಂದು ಮುಂಜಾನೆ. ಒಂದನ್ನೂ ಗುಂಡಿ ಒತ್ತಿ ದಾಟಿಸುವಂತಿರಲಿಲ್ಲ.